ಗೋಡೆಯ ಮೇಲಿನ ತೈವಾನ್

ಬನಹಟ್ಟಿಯಲ್ಲಿ ನಾನು ಓದಿದ ಹೈಸ್ಕೂಲಿನ ಆಟದ ಸಾಮಾನಿನ ಕೋಣೆಯನ್ನು ಕೆಡವುತ್ತಾರೆಂದು ನನಗೆ ಗೊತ್ತಾದದ್ದು ಅಲ್ಲಿನ ಈಗಿನ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದಾಗ. ಶಾಲೆಯ ಬಗ್ಗೆ ಒಂದು ಚಿಕ್ಕ ಪುಸ್ತಕ ತರುತ್ತಿದ್ದರು. ಅದರಲ್ಲಿ ಆಟೋಟದ ನಾಲ್ಕು ಪುಟ ನಾನು ಬರೆದುಕೊಡಬೇಕಿತ್ತು. ನಾನು ಧಾರವಾಡದಲ್ಲಿ ಇತಿಹಾಸ ಓದಿದವಳು, ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಚಿಕ್ಕಂದಿನಿಂದ ದಿನಚರಿ ಬರೆಯುವವಳು ಎಂದು ಯಾರೋ ಅವರಿಗೆ ಹೇಳಿದ್ದರು. ದಿನಚರಿ ಬರೆಯುವವರ ನೆನಪು ಗಟ್ಟಿ ಇರುತ್ತದೆಂದು ಜನ ನಂಬುತ್ತಾರೆ. ನನ್ನ ಅನುಭವ ಬೇರೆ. ಬರೆದಿಟ್ಟದ್ದು ನೆನಪಿನಲ್ಲಿ ಉಳಿಯುತ್ತದೆ, ಬರೆಯದೆ ಬಿಟ್ಟದ್ದು ನಡೆದೇ ಇಲ್ಲವೆಂಬಂತೆ ಹೋಗಿಬಿಡುತ್ತದೆ.

"ಒಂದ ತೊಂದರಿ ಐತ್ರಿ," ಎಂದರು ಅವರು. "ಆ ಕೋಣಿ ಗ್ವಾಡಿ ಮ್ಯಾಲೆ ಅಂತಾರಾಷ್ಟ್ರೀಯ ಬಾಲ ಬೇಸ್‌ಬಾಲ್ ಚಾಂಪಿಯನ್ನರು ಅಂತ ಬರದಾರ. ಕೆಳಗ ಆರು ವರ್ಷಕ್ಕ ಒಂದೊಂದ ದೇಶದ ಹೆಸರು. ನಾ ಫೋನಿನ್ಯಾಗ ತಗದ ನೋಡೇನ್ರಿ, ಒಂದೂ ತಾಳೆ ಬೀಳವಲ್ದು. ಖರೇ ಪಟ್ಟಿ ಹುಡುಕಿ ನೀವ ಬರೀರಿ."

ಅದು ತಪ್ಪು ಪಟ್ಟಿಯಲ್ಲ, ನಮ್ಮದೇ ಪಟ್ಟಿ ಎಂದು ಅವರಿಗೆ ವಿವರಿಸಲು ಹತ್ತು ನಿಮಿಷ ಹಿಡಿಯಿತು.

ನಮ್ಮ ದೈಹಿಕ ಶಿಕ್ಷಣದ ಮಾಸ್ತರರನ್ನು ಒಂದು ಬೇಸಿಗೆಯಲ್ಲಿ ಬೇಸ್‌ಬಾಲ್ ತರಬೇತಿಗೆ ಕಳಿಸಿದ್ದರು. ಬೇರೆ ಯಾರೂ ಹೋಗಲು ಒಪ್ಪದ ತರಬೇತಿ ಅದು. ಜಮಖಂಡಿ, ಮುಧೋಳ, ಬೀಳಗಿಯಿಂದಲೂ ಹೀಗೇ ಒಬ್ಬೊಬ್ಬರು ಬಂದಿದ್ದರು. ತಿರುಗಿ ಬರುವಾಗ ಮಾಸ್ತರರ ಕೈಯಲ್ಲಿ ಒಂದು ಬ್ಯಾಟು, ಎರಡು ಕೈಗವಸು, ಎರಡು ಚೆಂಡು ಮತ್ತು ಒಂದು ನಿಯಮದ ಪುಸ್ತಕ ಇದ್ದವು. ಪುಸ್ತಕದ ಕೊನೆಯಲ್ಲಿ ಮಕ್ಕಳ ಅಂತಾರಾಷ್ಟ್ರೀಯ ಟೂರ್ನಿಯ ಚಿತ್ರಗಳಿದ್ದವು: ನಮ್ಮದೇ ವಯಸ್ಸಿನ ಮಕ್ಕಳು, ಮಂಡಿಯವರೆಗೆ ಕಾಲುಚೀಲ, ಕೊರಳಲ್ಲಿ ಪದಕ. ಅಂದಿನಿಂದ ಮಾಸ್ತರರು ಆ ಟೂರ್ನಿಯ ಗೆಲುವು ಸೋಲುಗಳನ್ನು ಪೇಪರಿನಲ್ಲಿ ಹುಡುಕತೊಡಗಿದರು. ಸುದ್ದಿ ಬಂದರೆ ಎರಡು ಸಾಲು ಬರುತ್ತಿತ್ತು, ಬರದಿದ್ದರೆ ಇಲ್ಲ. ಬಂದ ಎರಡು ಸಾಲನ್ನು ಕತ್ತರಿಸಿ ಇಡುತ್ತಿದ್ದರು.

ನಾಲ್ಕೂ ಊರಿನ ಮಾಸ್ತರರು ಸೇರಿ ಹುಡುಗಿಯರದೊಂದು ಟೂರ್ನಿ ಶುರುಮಾಡಿದರು. ಅದಕ್ಕೂ ಮೊದಲು ಕಬಡ್ಡಿಯಲ್ಲಿ ಊರೂರಿಗೆ ಜಗಳವಾಗಿ ಒಬ್ಬನ ಹಲ್ಲು ಮುರಿದಿತ್ತು. ಹಾಗಾಗಿ ಮಾಸ್ತರರು ಒಂದು ಪದ್ಧತಿ ಮಾಡಿದರು. "ಊರ ಹೆಸರ ಇಟ್ರ ಕಲ್ಲ ಬೀಳ್ತಾವು," ಎಂದರು. "ದೇಶದ ಹೆಸರ ಇಡೋಣು. ಕ್ಯೂಬಾದ ಸಲುವಾಗಿ ಯಾಂವ ಕಲ್ಲ ಒಗಿತಾನ ಬೀಳಗ್ಯಾಗ?" ಚೀಟಿ ಎತ್ತಿದರು. ಬೀಳಗಿ ಕ್ಯೂಬಾ ಆಯಿತು, ಜಮಖಂಡಿ ಜಪಾನ್ ಆಯಿತು, ಮುಧೋಳ ಅಮೆರಿಕ. ನಮ್ಮ ಪಾಲಿಗೆ ತೈವಾನ್ ಬಂತು. ಅದು ಎಲ್ಲಿದೆ ಎಂದು ನಕಾಶೆಯಲ್ಲಿ ಹುಡುಕಲು ನಮಗೆ ಒಂದು ಮಧ್ಯಾಹ್ನ ಬೇಕಾಯಿತು.

ಜಗಳ ಕಡಿಮೆಯಾಯಿತೇ ಎಂದರೆ ಹೇಳಲಾರೆ. ಬೈಗುಳ ಮಾತ್ರ ಸುಧಾರಿಸಿತು. ಮುಧೋಳದ ಬಸ್ಸು ಬಂದರೆ ನಮ್ಮವರು, "ಏ ಅಮೆರಿಕಾ, ನಿಮ್ಮೂರ ನಾಯಿ ಹಂಗ ಓಡ್ತಾವು, ನಿಮಗೇನ ಆಗೇತಿ?" ಎನ್ನುವರು. ಅವರು, "ತೈವಾನ್‌ನ್ಯಾಗ ಸೀರಿ ಛಲೋ ಸಿಗ್ತಾವಂತಲ್ಲ, ನಾಕ ಕಟ್ಟಿಕೊಡ್ರೆಲೇ," ಎನ್ನುವರು. ನಮ್ಮ ಓಣಿಗಳಲ್ಲಿ ಪವರ್‌ಲೂಮ್ ಸದ್ದು ಇರದ ಮನೆ ಕಡಿಮೆ. ಮೈದಾನದ ಮೂಲೆಗಳಿಗೆ ಇಡುವ ಗಾದಿಗಳಿಗೂ, ರೂಢಿ ಮಾಡುವ ಚೆಂಡುಗಳಿಗೂ ನಾವು ತುಂಬುತ್ತಿದ್ದದ್ದು ಮಗ್ಗದಲ್ಲಿ ಉಳಿದ ಕಸದ ನೂಲನ್ನೇ.

ಪ್ರತಿ ವರ್ಷ ಗೆದ್ದವರ ಹೆಸರನ್ನು ಮಾಸ್ತರರು ಕೋಣೆಯ ಗೋಡೆಗೆ ಬಣ್ಣದಲ್ಲಿ ಬರೆಯುತ್ತಿದ್ದರು. ಶೀರ್ಷಿಕೆಯನ್ನು ಅವರು ತಮಾಷೆಗೆ ಬರೆದರೋ ನಿಜಕ್ಕೂ ಹಾಗೇ ಭಾವಿಸಿದ್ದರೋ ಗೊತ್ತಿಲ್ಲ. ಆರು ವರ್ಷ ನಡೆದು ಟೂರ್ನಿ ನಿಂತಿತು. ನಾವು ಆಡಿದ್ದು ನಾಲ್ಕನೆಯ ವರ್ಷ, ಹತ್ತನೆಯ ತರಗತಿಯಲ್ಲಿದ್ದಾಗ. ನಾವು ಎಂದರೆ ಉಳಿದವರು ಆಡಿದ್ದು, ನಾನು ಅಂಕ ಬರೆದದ್ದು.

ಕೋಣೆ ನೋಡಲು ಹೋದೆ. ಮೂರು ಕಾಲಿನ ಒಂದು ಟೇಬಲ್ಲು, ಗಾಳಿ ಹೋದ ಫುಟ್‌ಬಾಲುಗಳು. ಗೋಡೆಯ ಮೇಲೆ ಆರು ಸಾಲು ಹಾಗೇ ಇದ್ದವು. ಕ್ಯೂಬಾ, ಕ್ಯೂಬಾ, ಜಪಾನ್, ತೈವಾನ್, ಅಮೆರಿಕ, ಕ್ಯೂಬಾ. ನಾಲ್ಕನೆಯ ಸಾಲನ್ನು ಎರಡು ಸಲ ಓದಿದೆ. ಆ ವರ್ಷ ನಾವು ಸೋತಿದ್ದೆವು. ಇದು ನನ್ನೊಬ್ಬಳ ನೆನಪಲ್ಲ, ಇಡೀ ತರಗತಿ ಹದಿನಾಲ್ಕು ವರ್ಷದಿಂದ ಹೇಳಿಕೊಂಡು ಬಂದದ್ದು. ಯಾರಿಂದ ಸೋತೆವು ಎಂಬುದೂ ಎಲ್ಲರಿಗೂ ಗೊತ್ತು.

ಅವಳು ನನ್ನ ಗೆಳತಿ. ಕುರಿ ಸಾಕುವ ಮನೆತನ, ಬೀರೇಶ್ವರನ ಒಕ್ಕಲು. ರಜೆಯಲ್ಲಿ ಅಪ್ಪನ ಜೊತೆ ಹಿಂಡಿನ ಹಿಂದೆ ಹೋಗುತ್ತಿದ್ದಳು. ಅವಳಷ್ಟು ದೂರ, ಅವಳಷ್ಟು ನೇರ ಚೆಂಡು ಎಸೆಯುವವರು ನಾಲ್ಕೂ ತಂಡಗಳಲ್ಲಿ ಇರಲಿಲ್ಲ. ಆ ಫೈನಲ್ ಆದ ಮೇಲೆ ಬಾಗಲಕೋಟೆಯಲ್ಲಿ ಜಿಲ್ಲೆಯ ಆಯ್ಕೆ ಇತ್ತು, ಅವಳ ಹೆಸರು ಹೋಗಿತ್ತು. ಅವಳು ಹೋಗಲಿಲ್ಲ. "ಒಗಿಯಾಕ ಬರೂದಿಲ್ಲ ನನಗ," ಎಂದಳು. ಮತ್ತೆ ಚೆಂಡು ಮುಟ್ಟಲಿಲ್ಲ. ಈಗ ಬಸ್ ಕಂಡಕ್ಟರ್. ಜಮಖಂಡಿಯಿಂದ ಬನಹಟ್ಟಿಗೆ, ತೇರದಾಳಕ್ಕೆ ಹೋಗುವ ಗಾಡಿಗಳಲ್ಲಿ ಇರುತ್ತಾಳೆ. ನಾನು ವಾರಕ್ಕೆ ಎರಡು ಸಲವಾದರೂ ಅವಳ ಬಸ್ಸು ಹತ್ತುತ್ತೇನೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದಾಗಿನಿಂದ ಅವಳದೊಂದು ಚೇಷ್ಟೆ: "ಆಧಾರ್ ತಗೀಲೇ. ನಿನ್ನ ಮಾರಿ ನೋಡಿ ನಂಬೂದಿಲ್ಲ ನಾ."

ಪುಸ್ತಕದ ಸುದ್ದಿಯನ್ನು ಅವಳಿಗೆ ಮೊದಲೇ ಹೇಳಿದ್ದೆ. ಆಗ ಅವಳು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಹೇಳಿದ್ದು ಇಷ್ಟೇ: "ಬರದ್ರ ಖರೇನ ಬರಿ. ಈಕಿ ಒಗದದ್ದಕ್ಕ ಸೋತ್ವಿ ಅಂತ. ನಡಬರಕ ನನ್ನ ಸಲುವಾಗಿ ಏನರ ಹಚ್ಚಿ ಬರಿಬ್ಯಾಡ."

ಆ ದಿನ ನಡೆದದ್ದನ್ನು ನನ್ನ ನೆನಪಿನಂತೆ ಬರೆಯುತ್ತೇನೆ. ಈ ಆಟದಲ್ಲಿ ಒಂದು ಕಡೆಯವರು ಬ್ಯಾಟು ಹಿಡಿಯುತ್ತಾರೆ. ಹೊಡೆದವಳು ಮೂರು ಮೂಲೆ ಮುಟ್ಟಿ ಹೊರಟ ಜಾಗಕ್ಕೆ, ಅಂದರೆ 'ಮನೆ'ಗೆ, ತಿರುಗಿ ಬಂದರೆ ಒಂದು ರನ್. ಮೂವರು ಔಟಾದರೆ ಅವರ ಸರದಿ ಮುಗಿಯಿತು. ಫೈನಲ್ ಜಮಖಂಡಿಯಲ್ಲಿ. ಮುಧೋಳದವರ ಕೊನೆಯ ಸರದಿ, ನಾವು ಒಂದು ರನ್ ಮುಂದೆ. ಅವರ ಇಬ್ಬರು ಮೂಲೆಗಳಲ್ಲಿ ನಿಂತಿದ್ದಾರೆ. ಬ್ಯಾಟಿನವಳು ಹೊಡೆದ ಚೆಂಡು ನನ್ನ ಗೆಳತಿಯ ಕೈಗೆ ಹೋಯಿತು. ಮೂರನೆಯ ಮೂಲೆಯ ಹುಡುಗಿ ಮನೆಯ ಕಡೆ ಓಡತೊಡಗಿದಳು. ಗೆಳತಿ ಚೆಂಡನ್ನು ಮನೆಯಲ್ಲಿ ಕಾಯುತ್ತಿದ್ದ ನಮ್ಮವಳ ಕೈಗೆ ಎಸೆಯಬೇಕಿತ್ತು. ಅವಳು ಓಡುವವಳ ಮುಂದೆ, ಎರಡು ಮಾರು ಬಿಟ್ಟು, ಖಾಲಿ ನೆಲಕ್ಕೆ ಎಸೆದಳು. ಹಿಂಡು ಬಿಟ್ಟು ಹೋಗುವ ಕುರಿಗೆ ಕಲ್ಲು ಹಾಗೇ ಎಸೆಯುವುದು. ಮೈಗೆ ತಾಗಬಾರದು, ಮುಂದೆ ಬಿದ್ದು ತಿರುಗಿಸಬೇಕು. ಓಡುತ್ತಿದ್ದವಳು ಬೆದರಿ ಹಿಂದಕ್ಕೆ ತಿರುಗಿದಳು. ಚೆಂಡು ಪುಟಿದು ಜಾಲಿಯ ಕಂಟಿಯೊಳಗೆ ಹೋಯಿತು. ಅದನ್ನು ತೆಗೆಯುವಷ್ಟರಲ್ಲಿ ಇಬ್ಬರೂ ಮನೆ ಮುಟ್ಟಿದ್ದರು. "ಕುರಿ ಕಾಯಾಕ ಹೋಗಲೇ," ಎಂದು ನಮ್ಮವರೇ ಕೂಗಿದರು. ನಾನು ಕೂಗಿದೆನೇ? ಇಲ್ಲ ಎಂದುಕೊಂಡಿದ್ದೇನೆ.

ಗೋಡೆ ನೋಡಿ ಬಂದ ಸಂಜೆ ಆ ವರ್ಷದ ದಿನಚರಿ ತೆಗೆದೆ. "ಸೋತೆವು. ಅವಳು ತಪ್ಪು ಎಸೆದಳು. ಬಸ್ಸಿನಲ್ಲಿ ವಾಂತಿಯಾಯಿತು." ಇಷ್ಟೇ. ಮುಂದಿನ ಪುಟದಲ್ಲಿ ಗಣಿತದ ಸೂತ್ರಗಳು. ಇತಿಹಾಸದ ಪಾಠದಲ್ಲಿ ನಾನು ಹುಡುಗರಿಗೆ ಹೇಳುವುದುಂಟು, ದಾಖಲೆ ಏನು ನಡೆಯಿತೆಂದು ಹೇಳುವುದಕ್ಕಿಂತ ಹೆಚ್ಚಾಗಿ, ಏನು ನಡೆದಿರಲಿ ಎಂದು ಬರೆದವರು ಬಯಸಿದ್ದರೋ ಅದನ್ನು ಹೇಳುತ್ತದೆ ಎಂದು. ನನ್ನ ಮೂರು ವಾಕ್ಯಗಳ ಬಗ್ಗೆ ಹಾಗೆ ಯೋಚಿಸಿರಲಿಲ್ಲ.

ನಿವೃತ್ತರಾದ ಮಾಸ್ತರರು ತೇರದಾಳದಲ್ಲಿದ್ದಾರೆ. ರವಿವಾರ ಹೋದೆ. ಅವರು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಬಾರವಾ. ಪ್ರೊಫೆಸರ್ ಆಗೀದಿ ಅಂತಲ್ಲ. ಓಡಾಕ ಮಾತ್ರ ಬರತಿದ್ದಿಲ್ಲ ನಿನಗ."

"ಈಗೂ ಬರೂದಿಲ್ರಿ ಸರ್," ಎಂದೆ. ಗೋಡೆಯ ಸಾಲಿನ ಬಗ್ಗೆ ಕೇಳಿದೆ. ಪುಸ್ತಕದಲ್ಲಿ ಬರೆಯಬೇಕಾಗಿದೆ ಎಂದೂ ಹೇಳಿದೆ.

ಅವರು ಎದ್ದರು. ಒಳಗೆ ಹೋಗಿ ಒಂದು ಟ್ರಂಕು ಎಳೆದು ತಂದರು. ಮೇಲೆ ಪೇಪರಿನ ಆ ಎರಡೆರಡು ಸಾಲಿನ ತುಣುಕುಗಳು, ಜಗತ್ತಿನ ಮಕ್ಕಳು ಗೆದ್ದ ಸುದ್ದಿ. ಅವುಗಳ ಕೆಳಗೆ ನಾನು ಅಂಕ ಬರೆದ ಉದ್ದನೆಯ ನೋಟ್‌ಬುಕ್. ಕೊನೆಯ ಪುಟ ತೆರೆದು ನನ್ನ ಮುಂದಿಟ್ಟರು.

ಔಟಾದವರ ಕಾಲಮಿನಲ್ಲಿ ಒಂದೊಂದು ಔಟಿಗೆ ಒಂದೊಂದು ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು. ಮುಧೋಳದ ಕೊನೆಯ ಸರದಿಯಲ್ಲಿ ಮೂರು ಗೆರೆಗಳಿದ್ದವು. ಆ ಮೂರು ಗೆರೆಗಳಾದ ಮೇಲೆ, ಕೆಳಗಿನ ಸಾಲಿನಲ್ಲಿ, ಆ ಎರಡು ರನ್ನುಗಳು. ಎಲ್ಲವೂ ನನ್ನ ಅಕ್ಷರವೇ. ಏಳರ ಅಂಕಿಯನ್ನು ನಾನು ಈಗಲೂ ಹಾಗೇ ಬರೆಯುತ್ತೇನೆ.

ನೋಡುತ್ತಾ ಹೋದಂತೆ ಕೆಲವು ನೆನಪಾದವು, ಅಥವಾ ಆಗಲೇ ಕಟ್ಟಿಕೊಂಡೆ. ಎರಡನೆಯ ಔಟಿಗೆ ದೊಡ್ಡ ವಾದ ಆಗಿತ್ತು. ಮುಧೋಳದ ಮಾಸ್ತರರು ಮೈದಾನಕ್ಕೆ ಇಳಿದಿದ್ದರು. ಅಂಪೈರ್ ಆಗಿದ್ದ ಬೀಳಗಿಯ ಮಾಸ್ತರರು ಕೊನೆಗೂ ಔಟ್ ಎಂದರು, ಅದು ಅರ್ಧ ಜನರಿಗೆ ಕೇಳಿಸಲಿಲ್ಲ. ಅದಾದ ಮೇಲಿನ ಚೆಂಡನ್ನು ನಮ್ಮವಳೊಬ್ಬಳು ನೆಲಕ್ಕೆ ಬೀಳುವ ಮೊದಲೇ ಹಿಡಿದಳು. ಅದು ಮೂರನೆಯದು. ಲೆಕ್ಕ ಇಡುವ ಹೊಣೆ ಪೂರ್ತಿ ನನ್ನದು. ಮೂರನೆಯ ಗೆರೆ ಎಳೆದ ಕೂಡಲೇ ಕೆಂಪು ಕರ್ಚೀಫ್ ಎತ್ತಬೇಕು, ಅದನ್ನು ನೋಡಿ ಅಂಪೈರ್ ಸೀಟಿ ಊದುತ್ತಾರೆ. ನಾನು ಗೆರೆ ಎಳೆದಿದ್ದೆ, ಕರ್ಚೀಫ್ ಎತ್ತಿರಲಿಲ್ಲ. ಆಟ ಮುಗಿದ ಮೇಲೆಯೂ ಆಟ ನಡೆಯಿತು. ನನ್ನ ಗೆಳತಿ ಚೆಂಡು ಎಸೆದಾಗ ನಾವು ಗೆದ್ದಾಗಿತ್ತು.

"ಮರುದಿನ ಅಂಕಾ ಫೇರ್ ಕಾಪಿ ಮಾಡಾಕ ಕುಂತಾಗ ನೋಡಿದ್ನಿ," ಎಂದರು ಮಾಸ್ತರರು. "ಮುಧೋಳದ ಮಾಸ್ತರಗ ಹೋಗಿ ಹೇಳಿದೆ. ಆಂವ ಅಂದ, ಹುಡಿಗ್ಯಾರು ಕಪ್ಪ ಹೊತ್ಕೊಂಡು ಊರೆಲ್ಲಾ ತಿರಗ್ಯಾರ, ಈಗ ಹೆಂಗ ಇಸ್ಕೊಳ್ಳಲಿ. ಖರೇ ಅನಿಸ್ತು. ಕಪ್ಪ ಅಲ್ಲೇ ಇರ್ಲಿ, ಗ್ವಾಡಿ ಮ್ಯಾಲೆ ನಾ ತೈವಾನ್ ಅಂತ ಬರಿತೇನಿ ಅಂದೆ. ಸೂಟಿಯೊಳಗ ಬರದೆ. ನೀವು ಆಗಲೇ ಸಾಲಿ ಬಿಟ್ಟಿದ್ರಿ."

"ನಮಗ ಯಾಕ ಹೇಳಲಿಲ್ರಿ?"

"ನಿನಗ ಪರೀಕ್ಷಾ ಹದಿನೈದ ದಿನಾ ಇತ್ತು. ಹೇಳಿದ್ರ ನೀ ಅತ್ತಗೋತ ಕುಂದರತಿದ್ದಿ. ನಿಮ್ಮಪ್ಪ ದಿನಾ ಬಂದು ಕೇಳಾಂವ, ಹುಡುಗಿ ಹೆಂಗ ಓದಾಕತ್ತಾಳ ಅಂತ."

"ಆಕಿಗೆ?"

ಮಾಸ್ತರರು ಶೇಂಗಾದ ಸಿಪ್ಪೆಗಳನ್ನು ಒಂದು ಕಡೆ ಕೂಡಿಸಿದರು. "ಆಕಿ ಗಟ್ಟಿ ಹುಡುಗಿ. ತಡಕೋತಾಳ ಅಂತ ತಿಳದಿದ್ನಿ."

ಅವರೇನು ಕೆಟ್ಟವರಲ್ಲ. ಅವಳಿಗೂ ಪರೀಕ್ಷೆ ಅದೇ ಹದಿನೈದು ದಿನಕ್ಕಿತ್ತು ಎಂಬುದು ಅವರಿಗೆ ಆಗ ಹೊಳೆಯಲಿಲ್ಲ. ನನಗೂ ತೇರದಾಳದ ಸ್ಟ್ಯಾಂಡಿಗೆ ನಡೆದು ಬರುವವರೆಗೆ ಹೊಳೆಯಲಿಲ್ಲ. ನನ್ನಂಥ ನೌಕರಿಯ ಮನೆಯ ಹುಡುಗಿಗೆ ಓದು ಕೆಡಬಾರದು, ಕುರಿಯ ಮನೆಯವಳು ತಡೆದುಕೊಳ್ಳುತ್ತಾಳೆ. ಯಾರೂ ಹೀಗೆಂದು ಬಾಯಿಬಿಟ್ಟು ಹೇಳಿರಲಿಲ್ಲ.

ಅವಳಿಗೆ ತಿಳಿಸಲು ನಾನು ಮೂರು ವಾರ ತಡಮಾಡಿದೆ. ಆ ವಾರಗಳಲ್ಲಿ ಅವಳ ಬಸ್ಸು ತಪ್ಪಿಸಿ ಹಿಂದಿನ ಬಸ್ಸು ಹಿಡಿದೆ. ದಿನಚರಿಯಲ್ಲಿ ಅದಕ್ಕೆ ಕಾರಣ ಕಾಲೇಜಿನ ಕೆಲಸ ಎಂದಿದೆ. ನಿಜವಾದ ಕೆಲಸ ಬೇರೆ ಇತ್ತು. ಕರ್ಚೀಫ್ ಯಾಕೆ ಎತ್ತಲಿಲ್ಲ ಎಂದು ನನಗೆ ಒಂದು ಕಾರಣ ಬೇಕಾಗಿತ್ತು. ನಿಧಾನಕ್ಕೆ ಅದು ಸಿಕ್ಕಿತು. ಸರದಿಯ ಆರಂಭದಲ್ಲಿ ಅವಳ ಬಲಗೈಯ ಉಗುರು ಸೀಳಿತ್ತು, ಓಡಿ ಬಂದಿದ್ದಳು, ನಾನು ನನ್ನ ಕೆಂಪು ಕರ್ಚೀಫನ್ನು ಅವಳ ಬೆರಳಿಗೆ ಕಟ್ಟಿದ್ದೆ. ಎತ್ತಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬಟ್ಟೆ, ಗಂಟು, ಅವಳ ಬೆವರಿದ ಅಂಗೈ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿದ್ದದ್ದೇ ನನಗೆ ಸಂಶಯ ತಂದಿರಬೇಕಿತ್ತು.

ಕೊನೆಗೆ ಒಂದು ಮಂಗಳವಾರ ಮಧ್ಯಾಹ್ನ ಜಮಖಂಡಿಯಲ್ಲಿ ಅವಳ ಬಸ್ಸು ಹತ್ತಿದೆ. ಗದ್ದಲ ಇರಲಿಲ್ಲ. ಅವಳು ಟಿಕೆಟ್ ಮುಗಿಸಿ ನನ್ನ ಪಕ್ಕದ ಸೀಟಿನ ಕಂಬಿ ಹಿಡಿದು ನಿಂತಾಗ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ನೋಟ್‌ಬುಕ್ಕಿನ ಪುಟದ ಫೋಟೋ ತೋರಿಸಿದೆ.

"ಮೂರ ಗೆರಿ," ಎಂದಳು.

"ಹೂಂ."

"ನೀನ ಎಳದದ್ದು?"

"ನಾನ."

ಒಂದು ನಿಲುಗಡೆ ಬಂತು. ಅವಳು ಸೀಟಿ ಊದಿ, ಇಬ್ಬರು ಮುದುಕಿಯರನ್ನು ಹತ್ತಿಸಿಕೊಂಡು, ಅವರ ಆಧಾರ್ ಕಾರ್ಡಿನ ಎರಡೂ ಮಗ್ಗಲು ನೋಡಿ, ಟಿಕೆಟ್ ಕೊಟ್ಟು ತಿರುಗಿ ಬಂದಳು.

"ಮತ್ತ ಯಾಕ ಎತ್ತಲಿಲ್ಲ?"

"ಕರ್ಚೀಫ್ ನಿನ್ನ ಕೈಗೆ ಕಟ್ಟಿದ್ನಲ್ಲ. ಉಗರ ಸೀಳಿತ್ತು ನಿಂದು."

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಬೆರಳುಗಳಿಗೆ ಟಿಕೆಟಿನ ಶಾಯಿ ಹತ್ತಿತ್ತು. "ಇಲ್ಲಲೇ. ನನ್ನ ಕೈಗೆ ಏನೂ ಇದ್ದಿಲ್ಲ. ಬೆರಳಿಗೆ ಅರಬಿ ಸುತಗೊಂಡ ಚೆಂಡ ಒಗಿಯಾಕ ಬರತೈತೇನು?"

ಬರುವುದಿಲ್ಲ. ಎಸೆಯುವುದು ಗೊತ್ತಿಲ್ಲದ ನನಗೂ ಅದು ಗೊತ್ತಿರಬೇಕಿತ್ತು. ಮೂರು ವಾರದ ಕೆಲಸ ಒಂದು ಮಾತಿಗೆ ಬಿದ್ದುಹೋಯಿತು. ಎಲ್ಲರೂ ಎರಡೇ ಔಟ್ ಎಂದುಕೊಂಡಿದ್ದಾಗ ಒಬ್ಬಳೇ ಕೈ ಎತ್ತುವ ಧೈರ್ಯ ನನಗಿರಲಿಲ್ಲ, ಗೆರೆ ಎಳೆದು ಸುಮ್ಮನೆ ಕುಳಿತೆ ಎಂಬುದು ಹೆಚ್ಚು ಸಂಭವ. ಇದನ್ನೂ ಖಚಿತವಾಗಿ ಹೇಳಲಾರೆ. ಉಳಿದದ್ದಕ್ಕಿಂತ ಇದು ನನಗೆ ಹೆಚ್ಚು ಹೋಲುತ್ತದೆ, ಅಷ್ಟೇ.

"ಹೆದರಿರಬೇಕು ನಾ," ಎಂದೆ.

"ಹಂಗ ಹೇಳು ಮತ್ತ," ಎಂದಳು. ಕಿಟಕಿಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರು ಒಂದರ ಹಿಂದೆ ಒಂದು ಎರಡು ಡಬ್ಬಿ ಎಳೆದುಕೊಂಡು ಹೋಗುತ್ತಿತ್ತು. ಅದನ್ನು ದಾಟಿದ ಮೇಲೆ ಅವಳು ಹೇಳಿದಳು, "ಬಾಗಲಕೋಟಿಗೆ ಹೋಗಬೇಕಾಗಿತ್ತಲೇ ನಾ. ನಮ್ಮಪ್ಪ ಹೊಸಾ ಬೂಟ ತಂದಿಟ್ಟಿದ್ದ."

ಕ್ಷಮೆ ಕೇಳಿದೆ ಎಂದು ಆ ದಿನದ ದಿನಚರಿಯಲ್ಲಿ ಬರೆದಿಲ್ಲ, ಹಾಗಾಗಿ ಕೇಳಿರಲಿಕ್ಕಿಲ್ಲ.

ರಬಕವಿ ಹತ್ತಿರ ಬಂದಾಗ ಅವಳೇ ಬಾಗಿ ಕೇಳಿದಳು. "ಒಂದ ಹೇಳು. ಆಕಿ ತಿರಗಿದ್ಲೋ ಇಲ್ಲೋ?"

"ಯಾರು?"

"ಮುಧೋಳದಾಕಿ. ನಾ ಒಗದಾಗ. ನನ್ನ ಕಣ್ಣಿಗೆ ತಿರಗಿದಂಗ ಕಂಡಿತ್ತು. ಆಮ್ಯಾಲೆ ಎಲ್ಲಾರೂ ಕುರಿ ಕಾಯಾಕ ಹೋಗು ಅಂದ್ರಲ್ಲ, ಅದಕ್ಕ ನಾನ ತಪ್ಪ ನೋಡೇನೋ ಏನೋ ಅಂತ ಬಿಟ್ಟೆ."

ಹದಿನಾಲ್ಕು ವರ್ಷ ಅವಳು ಹೊತ್ತದ್ದು ಸೋಲನ್ನು ಎಂದು ನಾನು ತಿಳಿದಿದ್ದೆ. ಗೆದ್ದ ಸುದ್ದಿ ಕೊಟ್ಟರೆ ಅದು ಇಳಿಯುತ್ತದೆ ಎಂದೂ ತಿಳಿದಿದ್ದೆ. ಅವಳಿಗೆ ಬೇಕಾಗಿದ್ದದ್ದು ತನ್ನ ಕೈ ಸರಿಯಿತ್ತೋ ಇಲ್ಲವೋ ಎಂಬುದು.

"ತಿರಗಿದ್ಲು," ಎಂದೆ. "ನಾಕ ಹೆಜ್ಜಿ ಹಿಂದ ಹೋದ್ಲು. ನಾ ನೋಡೇನಿ."

"ಖರೆ?"

ಈಗಷ್ಟೇ ಒಂದು ಕರ್ಚೀಫ್ ಕಳೆದುಕೊಂಡಿದ್ದೆ. ನನ್ನ ಕಣ್ಣಿಗೆ ಕಂಡದ್ದರ ಬೆಲೆ ಎಷ್ಟೆಂದು ನನಗೆ ಗೊತ್ತಿತ್ತು. ಆದರೆ ಆ ಕರ್ಚೀಫಿನ ನೆನಪಿನಿಂದ ನನಗೆ ಲಾಭವಿತ್ತು. ಹುಡುಗಿ ತಿರುಗಿದ್ದರಿಂದ ನನಗೆ ಯಾವ ಲಾಭವೂ ಇಲ್ಲ. ಅದನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ, ಅವಳೂ ನನಗೆ ಹೇಳಿರಲಿಲ್ಲ, ಇಬ್ಬರೂ ಬೇರೆ ಬೇರೆ ಜಾಗದಿಂದ ಅದನ್ನೇ ಕಂಡಿದ್ದೆವು. ನಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ.

"ಖರೆ," ಎಂದೆ.

"ಹಂಗಾದ್ರ ಅದನ್ನ ಬರಿ."

ನಾಲ್ಕು ಪುಟ ಬರೆದು ಕಳಿಸಿದೆ. ಪದ್ಧತಿ, ಚೀಟಿ, ಕಸದ ನೂಲು, ಆರು ಸಾಲು. ನಾಲ್ಕನೆಯ ಸಾಲಿಗೆ ಹೀಗೆ ಬರೆದೆ: "ಆ ವರ್ಷ ಗೆದ್ದದ್ದು ತೈವಾನ್, ಅಂದರೆ ನಮ್ಮ ಶಾಲೆ. ಅಂಕ ಬರೆಯುತ್ತಿದ್ದ ನಾನು ಮೂರನೆಯ ಔಟನ್ನು ಬರೆದುಕೊಂಡೂ ಸಾರಲಿಲ್ಲ, ಹಾಗಾಗಿ ಕಪ್ ಮುಧೋಳಕ್ಕೆ ಹೋಯಿತು. ಆಟ ಮುಗಿದ ಮೇಲೆ ನಮ್ಮವಳು ಎಸೆದ ಒಂದು ಚೆಂಡಿಗೆ, ಓಡುತ್ತಿದ್ದ ಹುಡುಗಿ ತಿರುಗಿದಳು." ಕೊನೆಯ ವಾಕ್ಯದ ಮುಂದೆ 'ನನಗೆ ನೆನಪಿರುವಂತೆ' ಎಂದು ಮೊದಲು ಬರೆದಿದ್ದೆ. ಕಳಿಸುವ ಮುಂಚೆ ಅದನ್ನು ಹೊಡೆದುಹಾಕಿದೆ.

ಕೋಣೆ ಕೆಡವಿದ ವಾರ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. ಗೋಡೆಯ ಫೋಟೋ ಚೆನ್ನಾಗಿ ಬಂದಿದೆ, ಪುಟಗಳೂ ಸರಿ ಇವೆ ಎಂದರು.

"ನಾಕನೇ ವರ್ಷದ್ದು ಕಡೀ ಸಾಲು ತಗದ್ರ ನಡಿತೈತೇನ್ರಿ? ಆಟ ಮುಗದ ಮ್ಯಾಲೆ ಒಗದದ್ದು ಅಂತೀರಿ. ಯಾರ ತಿರಗಿದ್ರೇನು, ಬಿಟ್ರೇನು. ಪಟ್ಟಿಗೆ ಸಂಬಂಧ ಇಲ್ಲಲ್ರಿ."

"ಸಂಬಂಧ ಇಲ್ರಿ," ಎಂದೆ. "ಬೇಕಾದ್ರ ಮೊದಲಿನ ಮೂರು ಪುಟಾ ತಗೀರಿ. ಅದೊಂದ ಸಾಲ ಇರ್ಲಿ."